ಡಂಗುರದ ಉಚ್ಚೆಂಗೆಪ್ಪ ಬಿಲ್ಲೆ ಬಿಚ್ಚಿಟ್ಟ ದಿನ

ಕುರುಗೋಡಿನಲ್ಲಿ ಆಗ ರೇಡಿಯೋ ಇರಲಿಲ್ಲ. ಬಳ್ಳಾರಿಯಿಂದ ಪೇಪರು ಬರುತ್ತಿತ್ತು. ಬಂದದ್ದು ರೆಡ್ಡಿಯವರ ಪಡಸಾಲೆಯಲ್ಲಿ ನಾಲ್ಕು ದಿನ ಮಲಗಿದ್ದು, ಆಮೇಲೆ ಬೆಲ್ಲ ಕಟ್ಟಿಕೊಡಲು ಅಂಗಡಿಗೆ ಹೋಗುತ್ತಿತ್ತು. ಹಾಗಾಗಿ ಲೋಕದಲ್ಲಿ ಏನಾಯಿತು, ಏನು ಮಾಡಬೇಕು, ಯಾವುದು ಮಾಡಿದರೆ ದಂಡ ಬೀಳುತ್ತದೆ ಎಂಬುದೆಲ್ಲ ಊರಿಗೆ ಗೊತ್ತಾಗುತ್ತಿದ್ದುದು ಒಬ್ಬನ ಬಾಯಿಂದ. ಆ ಬಾಯಿ ಉಚ್ಚೆಂಗೆಪ್ಪನದು.

ಊರಿನ ತಳಾರಿ ಅವನು. ಗ್ರಾಮದ ಮುಖ್ಯಸ್ಥರಾದ ರೆಡ್ಡಿಯವರ ಕೈಕೆಳಗೆ ಸರ್ಕಾರದ ಆಳು. ಸಂಬಳ ಬಳ್ಳಾರಿಯ ಖಜಾನೆಯಿಂದ. ಕಂದಾಯದ ಹೊತ್ತಿಗೆ ರೈತರನ್ನು ಕರೆತರುವುದು, ಕಚೇರಿಯ ಕಾಗದ ಹೊತ್ತು ಬಳ್ಳಾರಿಗೆ ನಡೆಯುವುದು, ಸಾಹೇಬರು ಬಂದರೆ ಅವರ ಕುದುರೆಗೆ ಹುಲ್ಲು ನೀರು ನೋಡುವುದು, ಎಲ್ಲ ಅವನ ಪಾಲಿನದೇ. ಆದರೆ ಊರು ಅವನನ್ನು ಕರೆಯುತ್ತಿದ್ದುದು ಡಂಗುರದ ಉಚ್ಚೆಂಗೆಪ್ಪ ಅಂತ. ಎಡತೋಳಿಗೆ ಬಡಿಯುವ ಚರ್ಮದ ಹಲಗೆ, ಎದೆಯ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ. ಬಿಲ್ಲೆಯ ಮೇಲೆ ಸರ್ಕಾರದ ಅಕ್ಷರ ಕೊರೆದಿದ್ದರಂತೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಆ ಅಕ್ಷರ ಮಾಯವಾಗಿ, ಬಿಲ್ಲೆ ಬರೀ ಹೊಳಪಾಗಿ ಉಳಿದಿತ್ತು. ಬಿಸಿಲಿಗೆ ಅವನು ಅಗಸೆಬಾಗಿಲಲ್ಲಿ ತಿರುಗಿದರೆ ಅದರ ಬೆಳಕು ಎದುರು ಗೋಡೆಯ ಮೇಲೆ ಓಡಾಡುತ್ತಿತ್ತು.

ದನಿಯೋ, ಅದೊಂದು ಸೋಜಿಗ. ಅಗಸೆಯಲ್ಲಿ ನಿಂತು ಕೂಗಿದರೆ ಗುಡ್ಡಕ್ಕೆ ಬಡಿದು ತಿರುಗಿ ಊರೊಳಗೆ ಬರುತ್ತಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸರು ಕೈ ಬಿಟ್ಟು ಅಂಚಿಗೆ ಬಂದು ನಿಲ್ಲುತ್ತಿದ್ದರು. ಜಗಳ ಆಡುತ್ತಿದ್ದವರು ಜಗಳವನ್ನು ಅಲ್ಲಿಗೇ ನಿಲ್ಲಿಸಿ, ಡಂಗುರ ಮುಗಿದ ಮೇಲೆ ಬಿಟ್ಟ ಮಾತಿನಿಂದಲೇ ಮತ್ತೆ ಹಿಡಿಯುತ್ತಿದ್ದರು.

ಅವನು ಹುಟ್ಟಿದ್ದು ಕುರುಗೋಡಲ್ಲ. ಸಿರುಗುಪ್ಪದ ಕಡೆ ಕರೂರು. ಅಪ್ಪ ದುರುಗಣ್ಣ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕೂಲಿ. ಕುರುಗೋಡಿನ ಹಳೆಯ ತಳಾರಿಗೆ ಗಂಡುಮಕ್ಕಳಿರಲಿಲ್ಲ, ಇದ್ದವಳು ಜಡೆಮ್ಮ ಒಬ್ಬಳೇ. ಅವಳನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದವನಿಗೆ ಹೆಂಡತಿಯ ಜೊತೆ ಹಲಗೆಯೂ ಬಂತು, ಬಿಲ್ಲೆಯೂ ಬಂತು. ಕೊಡುವಾಗ ಮಾವ ಎರಡು ಮಾತು ಹೇಳಿದ್ದ.

"ಅಳಿಯಾ, ಸರ್ಕಾರ ಹೇಳಿದ್ದಕ್ಕ ಒಂದು ಮಾತು ಕೂಡಿಸಬ್ಯಾಡ, ಒಂದು ಮಾತು ಕಳೀಬ್ಯಾಡ. ಇದೊಂದು. ಇನ್ನೊಂದು, ನೀ ಕೂಗೋದು ಊರಿಗೆ. ನಿನಗಲ್ಲ. ನೀ ಊರಾಗ ಇಲ್ಲ, ಸರ್ಕಾರದಾಗ ಅದಿ."

ಈ ಎರಡನೆಯ ಮಾತು ಅವನ ಮೈಗೆ ಹತ್ತಿಬಿಟ್ಟಿತ್ತು. ಡಂಗುರ ಹೊಡೆಯುವವರಿಗೆಲ್ಲ ಹಾಗೇ ಏನೋ. ಊರ ಬಾವಿಗೆ ಔಷಧ ಹಾಕಿದ್ದಾರೆ, ಇವತ್ತು ನೀರು ಸೇದಬೇಡಿ ಅಂತ ಊರೆಲ್ಲ ಸಾರಿ, ಬಾಯಾರಿ, ತಾನೇ ಹೋಗಿ ಅದೇ ಬಾವಿಯ ನೀರು ಕುಡಿದು ಬಂದಿದ್ದ ಒಮ್ಮೆ. ಹೊಟ್ಟೆ ಹಿಡಿದುಕೊಂಡು ಮಲಗಿದವನಿಗೆ ಜಡೆಮ್ಮ, "ನೀನೇ ಕೂಗಿದ್ಯೆಲ್ಲೋ ಮೂಳಾ!" ಅಂದರೆ, "ಅದು ಊರಿಗೆ ಕೂಗಿದ್ದು," ಅಂದನಂತೆ. ಕುರುಗೋಡು ಬಹಳ ದಿನ ಇದನ್ನು ಹೇಳಿಕೊಂಡು ನಕ್ಕಿತು.

ನಲವತ್ತೆರಡರ ಚಲೇಜಾವ್ ಗಲಾಟೆಯಲ್ಲಿ ಅವನಿಗೊಂದು ಡಂಗುರ ಬಂತು. ಬೀದಿಯಲ್ಲಿ ಜನ ಗುಂಪು ಸೇರಬಾರದು, ಸೇರಿದರೆ ಪೊಲೀಸರು ಹಿಡಿಯುತ್ತಾರೆ. ಉಚ್ಚೆಂಗೆಪ್ಪ ಬಜಾರಿನಲ್ಲಿ ಹಲಗೆ ಬಡಿದ. ಬಡಿದ ತಕ್ಷಣ ಎಂದಿನಂತೆ ಬಜಾರಿಗೆ ಬಜಾರೇ ಸುತ್ತ ಸೇರಿತು. ಮಿರ್ಚಿ ಭಜಿ ಮಾರುವ ಗಂಗಕ್ಕ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಲೇ ಉಚ್ಚೆಂಗೆಪ್ಪ, ನೀ ಕೂಗಿದ್ದಕ್ಕ ನಾವು ಸೇರಿದ್ವಿ. ಈಗ ಪೊಲೀಸ್ನೋರು ಹಿಡಿಯೋದು ನಮ್ಮನ್ನೋ, ಸೇರ್ಸಿದ ನಿನ್ನನ್ನೋ?"

"ಅದು ನನಗ ಗೊತ್ತಿಲ್ಲಬೇ. ನನ್ನ ಬಿಟ್ಟು ನೀವು ನೀವು ಸೇರಬ್ಯಾಡ್ರಿ ಅಷ್ಟ."

ಬಜಾರು ನಕ್ಕಿತು, ಆದರೆ ನಗು ಅಲ್ಲಿಗೇ ಮುಗಿಯಿತು. ಆ ವಾರವೇ ಅವನು ಕಾಗದ ಹೊತ್ತು ಬಳ್ಳಾರಿಗೆ ಹೋದಾಗ ಒಂದು ಕಚೇರಿಯ ಮುಂದೆ ಮೆರವಣಿಗೆ ಹಾಯ್ದು ಹೋಗುತ್ತಿತ್ತು. ಬಿಸಿಲಿಗೆ ಒಬ್ಬ ಮುದುಕ ಕುಸಿದು ಕೂತ. ಕಚೇರಿಯ ಗುಮಾಸ್ತನೊಬ್ಬ ಒಳಗಿನ ಮಡಕೆಯಿಂದ ತಂಬಿಗೆ ನೀರು ತಂದು ಆ ಮುದುಕನಿಗೆ ಕುಡಿಸಿದ. ಅಷ್ಟೇ ಮಾಡಿದ್ದು. ಮುಂದಿನ ಸಲ ಉಚ್ಚೆಂಗೆಪ್ಪ ಹೋದಾಗ ಆ ಗುಮಾಸ್ತನ ಮಣೆಯ ಮೇಲೆ ಬೇರೆಯವರು ಕೂತಿದ್ದರು. ಆ ಮನುಷ್ಯ ಬ್ರೂಸ್‌ಪೇಟೆಯ ಮೂಲೆಯಲ್ಲಿ ಊದುಬತ್ತಿ ಮಾರುತ್ತಿದ್ದ. ಸರ್ಕಾರದ ಅನ್ನ ಉಂಡವನು ಅತ್ತ ಇತ್ತ ಹೆಜ್ಜೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಉಚ್ಚೆಂಗೆಪ್ಪ ಕಣ್ಣಾರೆ ಕಂಡಿದ್ದು ಅವತ್ತು. ಊರಿಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಎದೆಯ ಬಿಲ್ಲೆ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದನಂತೆ.

ಆಮೇಲೆ ಯುದ್ಧಕಾಲದ ಬಿಗಿ, ಸರ್ಕಾರಕ್ಕೆ ಅಳೆದು ಕೊಡುವ ಲೆವಿ ಜೋಳ, ಚೀಟಿಗೆ ಸಿಗುವ ಕಂಟ್ರೋಲು ಬಟ್ಟೆ. ಆಮೇಲೆ ಒಂದು ದಿನ ಸ್ವಾತಂತ್ರ್ಯ ಬಂತು ಅಂತಲೂ ಅವನೇ ಸಾರಿದ. ಮರುವರ್ಷ ಹೊಳೆಯಾಚೆ ನಿಜಾಮನ ಸೀಮೆಯಿಂದ ಜನ ಗಂಟುಮೂಟೆ ಹೊತ್ತು ಸಿರುಗುಪ್ಪಕ್ಕೆ ಓಡಿಬಂದಾಗ, ದೊಡ್ಡ ದನಿಯವನು ಬೇಕೆಂದು ಅವನನ್ನು ಅಲ್ಲಿಗೆ ಕರೆಸಿದ್ದರು. ಗುಡಾರಗಳ ನಡುವೆ ನಿಂತು, ಕಳೆದುಹೋದವರ ಹೆಸರು ಕೂಗಿ ಕೂಗಿ ತಾಯಂದಿರಿಗೆ ಮಕ್ಕಳನ್ನು ಕೂಡಿಸಿದ. ಹೀಗೆ ಎಷ್ಟೋ ಮಂದಿಯ ಹೆಸರನ್ನು ಕೂಗಿದ ಮನುಷ್ಯ. ಅವನ ಹೆಸರನ್ನು ಸರ್ಕಾರ ಒಂದು ಸಲವೂ ಕೂಗಿರಲಿಲ್ಲ. "ಏ ತಳಾರಿ" ಅಂದರೆ ಸಾಕಾಗುತ್ತಿತ್ತು.

ಐವತ್ತೆರಡನೆಯ ಇಸವಿ ಹುಟ್ಟುವ ಹೊತ್ತಿಗೆ ಓಟಿನ ಡಂಗುರ ಬಂತು.

ರೆಡ್ಡಿಯವರು ಪಡಸಾಲೆಯಲ್ಲಿ ಕೂತು ಒಂದೊಂದೇ ಮಾತು ಹೇಳಿಕೊಟ್ಟರು. ಇಪ್ಪತ್ತೊಂದು ತುಂಬಿದ ಗಂಡಸರು, ಹೆಂಗಸರು, ಎಲ್ಲರೂ ಸಾಲೆಗೆ ಬಂದು ಓಟು ಹಾಕಬೇಕು. ಹೊಲ ಇದ್ದವರಿಗೂ ಒಂದೇ, ಇಲ್ಲದವರಿಗೂ ಒಂದೇ. ಯಾರಿಗೆ ಹಾಕಿದಿರಿ ಅಂತ ಯಾರೂ ಕೇಳುವ ಹಾಗಿಲ್ಲ.

ಉಚ್ಚೆಂಗೆಪ್ಪ ಇನ್ನೂ ಕಾದು ನಿಂತಿದ್ದ.

"ಆತಲ್ಲೋ, ಹೋಗು."

"ದಂಡ ಎಷ್ಟಂತ ಹೇಳ್ಲಿಲ್ರಿ ರೆಡ್ಡೇರ."

"ದಂಡ ಇಲ್ಲೋ."

"ಬರದಿದ್ರ?"

"ಬರದಿದ್ರ ಇಲ್ಲ. ಅವರವರ ಇಷ್ಟ."

"ದಂಡ ಇಲ್ದ ಡಂಗುರ ಹೆಂಗ ಹೊಡೀಲ್ರಿ? ಜನ ಕೇಳ್ತಾರೇನ್ರಿ?"

ರೆಡ್ಡಿಯವರು ಕೈಬೀಸಿ ಅವನನ್ನು ಕಳಿಸಿದರು. ಯೋಚಿಸಿ ನೋಡಿದರೆ ಅವನು ಕೇಳಿದ್ದು ತಪ್ಪಲ್ಲ. ಇಷ್ಟು ವರ್ಷ ಆ ಹಲಗೆಯಿಂದ ಹೊರಟದ್ದೆಲ್ಲ ಕೂಡದು, ತಪ್ಪಿದರೆ ಇಷ್ಟು ಎಂಬ ಮಾತುಗಳು. ಬನ್ನಿ, ನಿಮ್ಮ ಇಷ್ಟ, ನೀವೇ ಹೇಳಿ ಅಂತ ಸರ್ಕಾರ ಊರನ್ನು ಕೇಳಿಕೊಂಡದ್ದು ಇದೇ ಮೊದಲು.

ಅವನು ಸಾರಿದ. ಅಗಸೆಯಲ್ಲಿ, ಬಜಾರಿನಲ್ಲಿ, ಕೇರಿ ಕೇರಿಯಲ್ಲಿ, ಆಮೇಲೆ ಬಾದನಹಟ್ಟಿಯ ದಾರಿಯ ಹಟ್ಟಿಗಳಲ್ಲಿ ಕೂಡ. "ಕೇಳ್ರೆಪ್ಪೋ ದೈವದೋರು ಕೇಳ್ರಿ! ಉಳ್ಳೋರಿಗೂ ಒಂದೇ, ಇಲ್ದೋರಿಗೂ ಒಂದೇ!" ಈ ಮಾತು ಬಂದಾಗ ಅವನ ದನಿ ತಾನಾಗಿಯೇ ಒಂದು ಮೆಟ್ಟಿಲು ಏರುತ್ತಿತ್ತಂತೆ. ಕೇಳಿದವರು ಹೇಳುತ್ತಾರೆ, ರೋಮ ನೆಟ್ಟಗಾದವು ಅಂತ.

ಆದರೆ ಪಡಸಾಲೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ರೆಡ್ಡಿಯವರು, ಊರ ಲೆಕ್ಕ ಬರೆಯುವ ಕರಣಂ, ಸಾಲೆಯ ಗೋಪಾಲಕೃಷ್ಣ ಮೇಷ್ಟ್ರು, ಟಪಾಲಿನ ರಂಗಣ್ಣ, ಇವರೆಲ್ಲ ಸರ್ಕಾರದ ಸಂಬಳದವರು. ನೌಕರರು ಯಾರ ಪರವಾಗಿಯೂ ಮಾತಾಡಬಾರದು ಅಂತ ಬಳ್ಳಾರಿಯಿಂದ ಬಂದಿತ್ತು.

"ಮಾತೇ ಆಡಬಾರ್ದು ಅಂದ ಮ್ಯಾಲ ಓಟು ಹಾಕೋದೆಲ್ಲಿ ಬಂತು?" ಅಂದರು ಕರಣಂ. "ಒಬ್ಬರಿಗೆ ಹಾಕಿದ್ರ ಇನ್ನೊಬ್ಬರಿಗೆ ಹಾಕ್ಲಿಲ್ಲ ಅಂತಾತು. ನಾಳೆ ಗೆದ್ದು ಬಂದಾಂವ ಆ ಇನ್ನೊಬ್ಬನೇ ಆದ್ರ?"

"ನಲವತ್ತೆರಡರಾಗ ನೀರು ಕೊಟ್ಟಿದ್ದಕ್ಕೇ ಹೋತು ಕೆಲಸ," ಅಂದ ಉಚ್ಚೆಂಗೆಪ್ಪ ಮೆಟ್ಟಿಲ ಕೆಳಗಿನಿಂದ. ಅವನನ್ನು ಯಾರೂ ಕೇಳಿರಲಿಲ್ಲ. ಆದರೆ ಆ ಮಾತಿಗೆ ಎಲ್ಲರೂ ತಲೆ ಆಡಿಸಿದರು. ಮೇಷ್ಟ್ರು ಮಾತ್ರ ಏನೋ ಹೇಳಲು ಬಾಯಿ ತೆರೆದು, ಮನೆಯಲ್ಲಿರುವ ಮಕ್ಕಳನ್ನು ನೆನೆದು ಮುಚ್ಚಿಕೊಂಡರು. ಸರ್ಕಾರದವರು ಯಾರೂ ಓಟಿಗೆ ಹೋಗಬಾರದು ಅಂತ ಅಲ್ಲಿಗೆ ಗಟ್ಟಿಯಾಯಿತು.

ಓಟಿನ ಹಿಂದಿನ ಸಂಜೆ ಜಡೆಮ್ಮ ರೊಟ್ಟಿ ಬಡಿಯುತ್ತ ಕೇಳಿದಳು: "ನಾಳೆ ಎಷ್ಟೊತ್ತಿಗೆ ಹೋಗೋಣು?"

"ನೀ ಹೋಗು. ನನಗಿಲ್ಲ ಅದು."

"ಯಾಕ? ನಿನಗಿನ್ನಾ ಇಪ್ಪತ್ತೊಂದು ತುಂಬಿಲ್ಲೇನು? ಮೀಸಿ ಬೆಳ್ಳಗಾಗ್ಯಾವ!"

"ನಾ ಸರ್ಕಾರದಾಂವ ಅದೀನಿ."

"ಸರ್ಕಾರದಾಂವ ಅಂದ್ರ ಮನಷಾ ಅಲ್ಲೇನು?"

"ಬಿಲ್ಲಿ ಹೋತಂದ್ರ ಹೊಟ್ಟಿಗೇನು ತಿಂತಿ? ಹೇಳು."

ಅವಳು ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಆಮೇಲೆ, "ಹೊಟ್ಟಿ ಮಾತು ಆಡಿದಿ, ನನ್ನ ಬಾಯಿ ಮುಚ್ಚಿಸಿದಿ," ಅಂದಳು. "ಆದ್ರ ನನಗೊಂದು ತಿಳೀವಲ್ದು. ಎಲ್ಲಾರೂ ಬರ್ರಿ ಅಂತ ಅಷ್ಟು ಚಂದ ಕೂಗಿದ್ಯಲ್ಲ, ಆ ಎಲ್ಲಾರು ಯಾರು?"

ಓಟಿನ ದಿನ ಬೆಳಿಗ್ಗೆ ಸಾಲೆಯ ಅಂಗಳಕ್ಕೆ ನೀರು ಚಿಮುಕಿಸಿ, ಗಂಡಸರಿಗೊಂದು ಹೆಂಗಸರಿಗೊಂದು ಸಾಲು ಬರುವಂತೆ ಗೂಟ ನೆಟ್ಟು ಹಗ್ಗ ಕಟ್ಟಿದವನೂ ಉಚ್ಚೆಂಗೆಪ್ಪನೇ. ಬಳ್ಳಾರಿಯಿಂದ ಓಟು ನಡೆಸಲು ಬಂದಿದ್ದ ಅಧಿಕಾರಿಯ ಹೆಸರು ಜಯತೀರ್ಥ. ಅವರೂ ಒಂದು ಕಚೇರಿಯ ಗುಮಾಸ್ತರೇ. ಕರೀ ಕೋಟು, ಹಣೆಯಲ್ಲಿ ಅಂಗಾರ ಅಕ್ಷತೆ, ಮೆಲ್ಲನೆಯ ಮಾತು. ಮೇಜಿನ ಹತ್ತಿರ, ಬಂದವರನ್ನು ಗುರುತಿಸಲು ಕರಣಂ ಕೂತಿದ್ದರು. ಕೋಣೆಯ ಮೂಲೆಯಲ್ಲಿ ಚಾಪೆಯ ಮರೆ. ಮರೆಯ ಹಿಂದೆ, ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಅವರವರ ಗುರುತಿನ ಚಿತ್ರ. ದಿಲ್ಲಿಗೊಂದು ಕಾಗದ, ಮದರಾಸಿಗೊಂದು ಕಾಗದ. ಬೇಕಾದವರ ಡಬ್ಬಿಗೆ ಹಾಕಿ ಬಂದರೆ ಮುಗಿಯಿತು.

ಮುಂಜಾನೆ ಒಂದಷ್ಟು ಹುಡುಗರು ಉತ್ಸಾಹದಿಂದ ಹಾಕಿ ಹೋದರು. ಆಮೇಲೆ ಸಾಲು ತೆಳ್ಳಗಾಯಿತು. ಹೊತ್ತು ಏರಿದಂತೆ ಹಗ್ಗದೊಳಗೆ ಒಂದು ನಾಯಿ ಬಂದು ಮಲಗಿತು.

ಹಾಗಂತ ಜನ ಬಂದಿರಲಿಲ್ಲ ಅಂತಲ್ಲ. ಊರಿಗೆ ಊರೇ ಬಂದಿತ್ತು. ಎಲ್ಲ ಬೇವಿನ ಮರದ ಕೆಳಗೆ, ಗಂಗಕ್ಕನ ಮಿರ್ಚಿ ಬಾಣಲೆಯ ಸುತ್ತ. ಮಂಡಕ್ಕಿ ತಿನ್ನುತ್ತ, ಸಾಲೆಯ ಬಾಗಿಲನ್ನು ನೋಡುತ್ತ ನಿಂತವರು ನಿಂತಂತೇ ಇದ್ದರು. ಬೆರಳಿಗೆ ಹಚ್ಚುವ ಮಸಿ ಹೋಗುವುದಿಲ್ಲವಂತೆ, ಮಸಿ ಇದ್ದವರನ್ನು ಮಿಲಿಟರಿಗೆ ಹಿಡಿಯುತ್ತಾರಂತೆ ಅಂತ ಒಬ್ಬರು. ಮಸಿ ಇದ್ದ ಮನೆಗೆ ಜೋಳದ ಲೆವಿ ಹೆಚ್ಚಂತೆ ಅಂತ ಇನ್ನೊಬ್ಬರು.

ಜಯತೀರ್ಥರು ಹೊರಗೆ ಬಂದು ಆ ಗುಂಪನ್ನೂ ಖಾಲಿ ಹಗ್ಗವನ್ನೂ ನೋಡಿದರು. "ತಳಾರಿ, ಡಂಗುರ ಸರಿಯಾಗಿ ಹೊಡೆದಿದ್ದೀಯೇನಪ್ಪಾ?"

ಈ ಮಾತು ಉಚ್ಚೆಂಗೆಪ್ಪನಿಗೆ ನಾಟಿತು. "ಒಂದು ಮಾತು ಬಿಟ್ಟಿಲ್ಲ ಸಾಮಿ," ಅಂದವನೇ ಹಲಗೆ ಎತ್ತಿಕೊಂಡು ಬೇವಿನ ಮರದ ಹತ್ತಿರ ಹೋಗಿ ಮತ್ತೆ ಮೊದಲಿಂದ ಸಾರಿದ. ಗುಡ್ಡ ಅವನ ಮಾತನ್ನು ತಿರುಗಿ ಹೇಳಿತು. ಯಾರೂ ಕದಲಲಿಲ್ಲ.

ಗಾಡಿ ಹೊಡೆಯುವ ಎರ್ರಣ್ಣ ಮರಕ್ಕೆ ಒರಗಿ ನಿಂತಿದ್ದ. ನಾಲಿಗೆ ಹರಿತದವನು. "ಏ ಮಾವ, ನಿನ್ನ ಎಡಗೈ ಬಟ್ಟು ತೋರ್ಸು ನೋಡೋಣು."

ಉಚ್ಚೆಂಗೆಪ್ಪ ಬೆರಳು ಮಡಚಿ ಕೈ ಹಿಂದಕ್ಕೆ ಸರಿಸಿದ.

"ಮಸಿ ಇಲ್ಲ! ಮೇಷ್ಟ್ರ ಬಟ್ಟು ನೋಡಿದೆ, ಇಲ್ಲ. ರಂಗಣ್ಣನ ಬಟ್ಟು, ಇಲ್ಲ. ರೆಡ್ಡೇರು ಮನಿ ಬಿಟ್ಟು ಹೊರಗ ಬಂದಿಲ್ಲ. ಸರ್ಕಾರದ ಅನ್ನ ತಿನ್ನೋರು ಒಬ್ಬರೂ ಒಳಗ ಹೋಗ್ವಲ್ರಿ, ನಮಗ ಮಾತ್ರ ಬರ್ರಿ ಬರ್ರಿ ಅಂತೀರಿ. ಒಳಗೇನೈತಿ ಮಾವ, ಬೋನೈತೇನು?"

ಜನ ನಕ್ಕರು. ಗಂಗಕ್ಕ ನಗಲಿಲ್ಲ. ಜಾರಾ ಸೌಟಿನಿಂದ ಮಿರ್ಚಿ ತೆಗೆಯುತ್ತ ನಿಧಾನವಾಗಿ ಹೇಳಿದಳು: "ಅಲ್ಲೋ ತಮ್ಮಾ, ಪ್ಲೇಗಿನ ಸೂಜಿ ಬಂದಾಗ ಯಾರೂ ಮುಂದ ಬರ್ಲಿಲ್ಲ. ಸೂಜಿ ಚುಚ್ಚೋ ಡಾಕ್ಟ್ರು ಮೊದಲು ತಮ್ಮ ತೋಳಿಗೇ ಚುಚ್ಚಿಕೊಂಡ್ರು. ಆಮ್ಯಾಲ ನಾವು ತೋಳು ಕೊಟ್ವಿ. ನೀ ಕರೆಯೋದು ಖರೇ ಇದ್ರ ನೀ ಮುಂದ ಹೋಗು. ಇಡೀ ಊರು ನಿನ್ನ ಬೆನ್ನಿಗೆ ಬರ್ತೈತಿ. ನೀ ಹೋಗ್ಲಿಲ್ಲಂದ್ರ ನಾವು ಮಿರ್ಚಿ ತಿಂದು ಮನಿಗೆ ಹೋಗ್ತೀವಿ."

ಉಚ್ಚೆಂಗೆಪ್ಪ ಸಾಲೆಯ ಮೆಟ್ಟಿಲ ಮೇಲೆ ಹೋಗಿ ಕೂತ.

ಅವನ ಮುಂದೆ ಇದ್ದುದು ಎರಡೇ ದಾರಿ. ಹೋದರೆ ಬಿಲ್ಲೆ ಹೋಗುತ್ತದೆ. ಅದರಲ್ಲಿ ಅವನಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಬ್ರೂಸ್‌ಪೇಟೆಯ ಊದುಬತ್ತಿಯ ಗುಮಾಸ್ತ ಕಣ್ಣ ಮುಂದೆ ಕೂತಿದ್ದ. ಆ ಗುಮಾಸ್ತನಿಗೆ ಅಕ್ಷರವಾದರೂ ಬರುತ್ತಿತ್ತು. ತನಗೆ ಈ ದನಿ ಬಿಟ್ಟು ಇನ್ನೇನಿದೆ? ಹೋಗದಿದ್ದರೆ ಊರು ಓಟು ಹಾಕದೆ ಮನೆಗೆ ಹೋಗುತ್ತದೆ. ಆಗ ತಾನು ಕೂಗಿದ್ದು ಸುಳ್ಳಾಗುತ್ತದೆ. ಕೂಗಿದ ಒಂದೇ ಒಂದು ಮಾತೂ ಸುಳ್ಳಾಗದ ಹಲಗೆ ಅದು. ಉಳ್ಳವರಿಗೂ ಒಂದೇ, ಇಲ್ಲದವರಿಗೂ ಒಂದೇ ಎಂಬ ಇಂಥ ಮಾತನ್ನು ಸಾರುವ ಭಾಗ್ಯ ಇನ್ನೊಮ್ಮೆ ಬರುತ್ತದೋ ಇಲ್ಲವೋ. ಅದು ತನ್ನ ಬಾಯಲ್ಲೇ ಸುಳ್ಳಾಗಬೇಕೆ?

ಹೆಂಗಸರ ಗುಂಪಿನಿಂದ ಜಡೆಮ್ಮ ಅವನನ್ನೇ ನೋಡುತ್ತಿದ್ದಳು.

ಅವನು ಎದ್ದ. ಹಲಗೆಯನ್ನು ಗೋಡೆಗೆ ಒರಗಿಸಿದ. ಎಂದೂ ದಾಟದ ಸಾಲೆಯ ಹೊಸ್ತಿಲನ್ನು ದಾಟಿ ಒಳಗೆ ಹೋದ. ಬೇವಿನ ಮರದ ಕೆಳಗೆ ಮಂಡಕ್ಕಿ ಅಗಿಯುವ ಸದ್ದೂ ನಿಂತಿತಂತೆ. ಮೇಜಿನ ಮುಂದೆ ನಿಂತು, ಎದೆಯ ಮೇಲಿನ ಕೆಂಪು ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು, ಮಡಿಸಿ, ಬಿಲ್ಲೆ ಮೇಲೆ ಬರುವಂತೆ ಮೇಜಿನ ತುದಿಗೆ ಇಟ್ಟ. ಪಟ್ಟಿ ಇದ್ದ ಜಾಗದಲ್ಲಿ ಅಂಗಿ ಹಾಗೇ ಬೆಳ್ಳಗಿತ್ತು, ಉಳಿದದ್ದು ಬಿಸಿಲಿಗೆ ಮಾಸಿತ್ತು.

"ಇದೇನು?" ಅಂದರು ಜಯತೀರ್ಥರು.

"ಇರ್ಲಿ ಸಾಮಿ, ಆಮ್ಯಾಲ ಹೇಳ್ತೀನಿ. ಮೊದಲು ಕಾಗದ ಕೊಡ್ರಿ."

ಕರಣಂ ತಗ್ಗಿದ ದನಿಯಲ್ಲಿ, "ಲೇ, ಏನು ಮಾಡಾಕತ್ತಿ ಅಂತ ಗೊತ್ತೈತೇನು?" ಅಂದರು.

"ಗೊತ್ತೈತ್ರಿ."

ಮತದಾರರ ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದವನು ಹೆಸರು ಹುಡುಕಿ ಗಟ್ಟಿಯಾಗಿ ಓದಿದ: "ಉಚ್ಚೆಂಗೆಪ್ಪ, ತಂದೆ ದುರುಗಣ್ಣ."

ಅಷ್ಟೇ ಇತ್ತು. ಹಿಂದೆ ಮುಂದೆ ತಳಾರಿ ಅಂತಿರಲಿಲ್ಲ. ಕರೂರಿನ ಗದ್ದೆಯ ಕೆಸರಲ್ಲಿ ಸವೆದು ಸತ್ತ ದುರುಗಣ್ಣನ ಹೆಸರನ್ನು ಕುರುಗೋಡು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಸರ್ಕಾರದ ಕೋಣೆಯಲ್ಲಿ, ಕೋಟು ಹಾಕಿದವರ ಎದುರು, ಸರ್ಕಾರವೇ ಆ ಹೆಸರು ಕೂಗಿತು. ಉಚ್ಚೆಂಗೆಪ್ಪ ಒಂದು ಗಳಿಗೆ ಸುತ್ತ ನೋಡಿದ, ಅಪ್ಪ ಎಲ್ಲಿಯಾದರೂ ಬಂದು ನಿಂತಿದ್ದಾನೇನೋ ಎಂಬಂತೆ. ಆಮೇಲೆ ಎಡಗೈ ಮುಂದೆ ಚಾಚಿದ. ಮಸಿ ಹಚ್ಚಿದರು. ಎರಡು ಕಾಗದ ಕೊಟ್ಟರು. ಚಾಪೆಯ ಮರೆಗೆ ಹೋದ.

ಅಲ್ಲಿ ಏನಾಯಿತೋ ನಮಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಬಾರದು ಅಂತಲೇ ತಾನೆ ಆ ಚಾಪೆ ಕಟ್ಟಿದ್ದು. ಹೊರಗಿದ್ದವರಿಗೆ ಕಂಡದ್ದು ಚಾಪೆಯ ಕೆಳಗಿನ ಎರಡು ಪಾದ ಮಾತ್ರ. ಬಳ್ಳಾರಿ ದಾರಿ ನಡೆದು ನಡೆದು ಒಡೆದ ಪಾದ. ಅವು ಬಹಳ ಹೊತ್ತು ಅಲ್ಲಾಡಲೇ ಇಲ್ಲ. ಪಾಪ, ಆ ಮನುಷ್ಯ ಬದುಕಿನಲ್ಲಿ ಆಡಿದ್ದೆಲ್ಲ ಯಾರೋ ಹೇಳಿಕೊಟ್ಟ ಮಾತು. ಈಗ ಏನು ಹೇಳಬೇಕೆಂದು ಹೇಳಿಕೊಡುವವರು ಮರೆಯ ಈಚೆಗೇ ನಿಂತುಬಿಟ್ಟಿದ್ದರು. ಕೊನೆಗೆ ಒಂದು ಪಾದ ಪಕ್ಕಕ್ಕೆ ಸರಿಯಿತು. ಡಬ್ಬಿಯ ತಗಡಿನ ಸಣ್ಣ ಸದ್ದು. ಮತ್ತೊಮ್ಮೆ ಅದೇ ಸದ್ದು.

ಹೊರಬಂದವನು ಮೇಜಿನ ಹತ್ತಿರ ನಿಂತು ಬಿಲ್ಲೆಯನ್ನು ಜಯತೀರ್ಥ‌ರ ಕಡೆ ಮೆಲ್ಲಗೆ ತಳ್ಳಿದ. "ಸಾಮಿ, ಇದನ್ನ ಯಾರಿಗೆ ಒಪ್ಪಿಸ್ಲಿ? ರೆಡ್ಡೇರಿಗೋ, ನಿಮಗೋ?"

"ಯಾಕೆ ಒಪ್ಪಿಸಬೇಕು?"

"ಕೆಲಸ ಬಿಟ್ಟೆನಲ್ರಿ. ಬಿಟ್ಟೇ ಓಟು ಹಾಕಿದ್ದು. ಹಲಗಿ ಹೊರಗೈತಿ. ಅದು ನಮ್ಮ ಮಾವಂದು, ಅದೊಂದು ನನಗಿರ್ಲಿ."

ಜಯತೀರ್ಥರು ಅವನ ಮುಖ ನೋಡಿದರು. ತಮಾಷೆಯ ಸುಳಿವೂ ಅಲ್ಲಿರಲಿಲ್ಲ. ಆಗ ಅರ್ಥವಾಯಿತು ಅವರಿಗೆ. ಈ ಮನುಷ್ಯ ಎರಡು ಕಾಗದದ ಚೂರಿಗಾಗಿ ಅನ್ನವನ್ನೇ ಮೇಜಿನ ಮೇಲೆ ಇಟ್ಟು ಒಳಗೆ ಹೋಗಿದ್ದ. ಬಳ್ಳಾರಿಯ ಗುಮಾಸ್ತರು ಕುರ್ಚಿಯಿಂದ ಎದ್ದು ನಿಂತರು. ಕಲೆಕ್ಟರು ಬಂದಾಗ ಏಳುವ ಹಾಗೆ, ಊರ ತಳಾರಿಯ ಮುಂದೆ. ಅಲ್ಲಿದ್ದವರೆಲ್ಲ ಕಣ್ಣಾರೆ ಕಂಡದ್ದು ಇದು.

"ಯಾರು ಹೇಳಿದರಪ್ಪಾ ನಿನಗೆ, ಕೆಲಸ ಬಿಟ್ಟು ಹಾಕಬೇಕು ಅಂತ?"

ಉಚ್ಚೆಂಗೆಪ್ಪ ಯಾರ ಹೆಸರೂ ಹೇಳಲಿಲ್ಲ. ಕರಣಂ ಲೇಖನಿಯ ಮುಳ್ಳು ಒರೆಸತೊಡಗಿದರು.

"ಸರ್ಕಾರಿ ನೌಕರ ಇಂಥವರಿಗೇ ಹಾಕಿ ಅಂತ ಊರಲ್ಲಿ ಹೇಳಿಕೊಂಡು ತಿರುಗಬಾರದು. ಅಷ್ಟೇ ಇರೋದು. ಓಟು ನಿನ್ನದು. ಅದನ್ನ ಕಸಿದುಕೊಳ್ಳೋದಕ್ಕೆ ನನಗೂ ಅಧಿಕಾರ ಇಲ್ಲ, ಕಲೆಕ್ಟರಿಗೂ ಇಲ್ಲ. ತಗೋ, ಇದನ್ನ ಹಾಕಿಕೋ."

ಅವನು ಬಿಲ್ಲೆಗೆ ಕೈ ಹಾಕಲಿಲ್ಲ. "ಹಂಗಾರ ಸಾಮಿ, ನಾ ಎಲ್ಲಾರೂ ಎಲ್ಲಾರೂ ಅಂತ ಕೂಗಿದೆನಲ್ರಿ, ಅದರಾಗ ನಾನೂ ಇದ್ನೇನ್ರಿ?"

"ಇದ್ದೆಯಪ್ಪಾ. ಮೊದಲಿನಿಂದಲೂ ಇದ್ದೆ."

ಉಚ್ಚೆಂಗೆಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಯಾರೋ ನೀರು ತಂದರು. ಕುಡಿದು, ಬಾಯಿ ಒರೆಸಿಕೊಂಡು ಎದ್ದು, ಪಟ್ಟಿ ಹಾಕಿಕೊಂಡು ಹೊರಗೆ ಬಂದು ಹಲಗೆ ಎತ್ತಿದ. ಅವತ್ತು ಅವನು ಹೊಡೆದ ಪೆಟ್ಟು ಬಾದನಹಟ್ಟಿಯವರೆಗೆ ಕೇಳಿಸಿತು ಅನ್ನುವವರಿದ್ದಾರೆ. ಅಷ್ಟು ದೂರ ಕೇಳಿಸಿರಲಿಕ್ಕಿಲ್ಲ. ಆದರೂ ಹಾಗೆ ಹೇಳುತ್ತಾರೆ.

"ಕೇಳ್ರೆಪ್ಪೋ ದೈವದೋರು ಕೇಳ್ರಿ! ಸರ್ಕಾರದೋರು, ರೈತರು, ಕೂಲಿಯೋರು, ಇಪ್ಪತ್ತೊಂದು ತುಂಬಿದ ಎಲ್ಲಾರಿಗೂ ಓಟು ಐತಿ! ಹಾಕಿದ್ರ ಯಾರ ಕೆಲಸಾನೂ ಹೋಗಂಗಿಲ್ಲ!" ಅಂದು ನಿಲ್ಲಿಸಿದ. ಉಸಿರು ಎಳೆದುಕೊಂಡ. ಮಾವ ಹೇಳಿದ ಮಾತನ್ನು ಮೀರಿ, ಸರ್ಕಾರ ಹೇಳದೆ ಇದ್ದದ್ದನ್ನು ತಾನಾಗಿ ಕೂಡಿಸಿದ. ಎಡಗೈ ಮೇಲೆತ್ತಿ, "ನಾನೂ ಹಾಕಿ ಬಂದೀನಿ! ನೋಡ್ರಿ!"

ಮೊದಲು ಓಡಿದವರು ಗೋಪಾಲಕೃಷ್ಣ ಮೇಷ್ಟ್ರು. ಮೇಷ್ಟ್ರು ಓಡುವುದನ್ನು ಊರು ನೋಡಿದ್ದು ಆಗಲೇ. ಅವರ ಹಿಂದೆ ಟಪಾಲಿನ ರಂಗಣ್ಣ. ಗಂಗಕ್ಕ ಬಾಣಲೆ ಬಿಟ್ಟು ಎದ್ದಳು. "ಎಣ್ಣಿ ನೋಡ್ಕೋ ಎರ್ರಣ್ಣ, ಹೊತ್ತಿಸಿದಿ ಅಂದ್ರ ನಿನ್ನ ಮೀಸಿ ಕರೀತೀನಿ!"

"ನಾನೂ ಹೋಗಬೇಕಬೇ! ಬೋನು ಹೆಂಗೈತಿ ನೋಡಬೇಕು!"

"ನನ್ನ ಹಿಂದ ಬಾ ಹಂಗಾರ. ಎಣ್ಣಿ ಸುಡುಗಾಡಿಗೆ ಹೋಗ್ಲಿ!"

ನಾಯಿ ಎದ್ದು ಓಡಿತು. ಉಚ್ಚೆಂಗೆಪ್ಪ ಕಟ್ಟಿದ್ದ ಹಗ್ಗ ಸಾಲದೆ, ಸಾಲು ಅಂಗಳ ದಾಟಿ, ಬೀದಿ ದಾಟಿ, ಅಗಸೆಯವರೆಗೆ ಹೋಯಿತು. ಹೊತ್ತು ಇಳಿಯುವ ಮುಂಚೆ ರೆಡ್ಡಿಯವರೂ ಬಂದರು. ಜರಿಯ ರುಮಾಲು ಸುತ್ತಿಕೊಂಡು ಸೀದಾ ಬಾಗಿಲಿಗೆ ನಡೆದವರನ್ನು ಉಚ್ಚೆಂಗೆಪ್ಪ ಕೈ ಮುಗಿದು ತಡೆದ. "ಸಾಲು ಅಲ್ಲಿಂದ ಐತ್ರಿ ರೆಡ್ಡೇರ." ರೆಡ್ಡಿಯವರು ಸಾಲಿನ ತುದಿ ನೋಡಿದರು, ಅವನ ಬೆರಳಿನ ಮಸಿ ನೋಡಿದರು, ಹೋಗಿ ಮೋಕದಿಂದ ಬಂದು ನೆಲೆಸಿದ್ದ ಒಬ್ಬ ಚಪ್ಪಲಿ ಹೊಲಿಯುವವನ ಹಿಂದೆ ನಿಂತರು. ಯಾರೂ ನಗಲಿಲ್ಲ. ನಗುವ ಹೊತ್ತಾಗಿರಲಿಲ್ಲ ಅದು.

ಬಿಲ್ಲೆ ಹೋಗಲಿಲ್ಲ. ಮರುವರ್ಷ ಬಳ್ಳಾರಿ ಮೈಸೂರು ಸೀಮೆಗೆ ಸೇರಿತು ಅಂತ ಕುರುಗೋಡಿಗೆ ಸಾರಿದವನೂ ಅವನೇ.

ಓಟಿನ ದಿನ ಡಬ್ಬಿಗಳನ್ನು ಅರಗಿನಿಂದ ಮುಚ್ಚಿ ಗಾಡಿಗೆ ಹೇರಿ ಕಳಿಸಿದ ಮೇಲೆ ಗಂಡ ಹೆಂಡತಿ ಮನೆಯ ಕಡೆ ನಡೆದರು. ಜಡೆಮ್ಮನ ಬೆರಳಿಗೂ ಮಸಿ. ಅಗಸೆ ದಾಟುವವರೆಗೆ ತಡೆದುಕೊಂಡಿದ್ದವಳು ಕೇಳಿಯೇ ಬಿಟ್ಟಳು.

"ಯಾರಿಗೆ ಹಾಕಿದಿ?"

ಅವನು ಹಲಗೆಯನ್ನು ಹೆಗಲಿಗೇರಿಸಿಕೊಂಡು ನಡೆದ.

"ನನಗ ಹೇಳಾಕೇನು? ಊರಿಗೆಲ್ಲಾ ಕೂಗ್ತಿ, ಹೆಂಡ್ತಿಗೆ ಹೇಳಂಗಿಲ್ಲೇನು?"

"ಕೇಳಂಗಿಲ್ಲ ಅಂತ ನಾನೇ ಸಾರೀನಿ. ನೀ ಯಾಕ ಕೇಳ್ತಿ?"

"ಅಯ್ಯ, ನಿನ್ನ ದೊಡ್ಡಿಸ್ತನ! ನಾನೂ ಹೇಳಂಗಿಲ್ಲ ತಗೋ, ಯಾರಿಗೆ ಹಾಕೀನಂತ."

"ಹೇಳಬ್ಯಾಡ."

"ಹೇಳಂಗಿಲ್ಲ ಅಂದೆನಲ್ಲ!"

ಒಂದೇ ಕೋಣೆಯ ಮನೆ ಅದು. ಒಂದು ಒಲೆ, ಒಂದು ದೀಪ, ಹೊದೆಯಲು ಒಂದು ಕಂಬಳಿ. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರ ಹತ್ತಿರ ಒಂದು ಕಾಳಿನಷ್ಟೂ ಇರಲಿಲ್ಲ. ಆ ಸಂಜೆ ಆ ಇಬ್ಬರೂ ಒಂದೊಂದು ಗುಟ್ಟು ಹೊತ್ತು ಒಳಗೆ ಹೋದರು. ರೆಡ್ಡಿಯವರಿಗೆ ಗೊತ್ತಾಗದ ಗುಟ್ಟು, ಬಳ್ಳಾರಿಯ ಕಚೇರಿಗೆ, ಮದರಾಸಿಗೆ, ದಿಲ್ಲಿಗೂ ಗೊತ್ತಾಗದ ಗುಟ್ಟು. ಉಚ್ಚೆಂಗೆಪ್ಪ ಕದ ಹಾಕಿಕೊಂಡ.